ಗಾಜಿನ ಗುಂಡಿಗೆ ತವರೂರು ಯಾವುದು?

ಹೈದರಾಬಾದಿನಲ್ಲಿ ಪೇಪರ್‌ವೇಟಿನ ಮಾತೆತ್ತಿದರೆ ಮೊದಲು ನೆನಪಾಗುವುದು ಕಡೆಯ ನಿಜಾಮರಾದ ಉಸ್ಮಾನ್ ಅಲಿ ಖಾನರ ಮೇಜು. ಸುಮಾರು 185 ಕ್ಯಾರಟ್ ತೂಗುವ ಜೇಕಬ್ ವಜ್ರವನ್ನು ಅವರು ಕಾಗದಗಳ ಮೇಲೆ ಭಾರಕ್ಕಿಡುತ್ತಿದ್ದರೆಂಬ ಮಾತು ಇಲ್ಲಿ ಮನೆಮಾತಾಗಿದೆ. 1995ರಲ್ಲಿ ಭಾರತ ಸರ್ಕಾರ ಅದನ್ನು ನಿಜಾಮರ ಇತರ ಆಭರಣಗಳೊಡನೆ ಕೊಂಡುಕೊಂಡಿತು. ಆ ವಜ್ರಕ್ಕೆ ಅಂಟಿದ ಹೆಸರು ಅದನ್ನು ಮಾರಲು ತಂದ ವ್ಯಾಪಾರಿಯದು. ಕಡತಗಳ ನಡುವೆ ಬಾಳುವ ನಮ್ಮಂಥ ಗುಮಾಸ್ತರ ಪಾಲಿಗೆ ಬಂದದ್ದು ಗಾಜಿನ ಗುಂಡು. ಅದಕ್ಕೂ ಅನೇಕ ವೇಳೆ ಇದೇ ಗತಿ: ಮಾರಿದವರ ಹೆಸರು ಉಳಿಯುತ್ತದೆ, ಮಾಡಿದವರದು ಮರೆಯಾಗುತ್ತದೆ.

ನಮ್ಮ ಪರಿಚಯದ ಕನ್ನಡ ಕುಟುಂಬವೊಂದರಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಗುಂಡೊಂದಿದೆ. ಒಳಗೆ ಸುತ್ತುಸುತ್ತಾಗಿ ಬಣ್ಣದ ಹೂಗಳು. ಅವುಗಳ ನಡುವೆ ಪುಟ್ಟ ಅಂಕಿಗಳಲ್ಲಿ 1848. ಮಗಳ ಕಾಲೇಜು ಫೀಜಿಗಾಗಿ ಅದನ್ನು ಮಾರುವ ಯೋಚನೆ ಬಂದಿತು. "ಲಂಡನ್ನಿನ ವೈಟ್‌ಫ್ರಯರ್ಸ್ ಕಾರ್ಖಾನೆಯದು, 1848ರದು ಎಂದು ಬರೆದುಕೊಡಿ, ಒಳ್ಳೆಯ ಬೆಲೆ ಕೊಡುತ್ತೇನೆ" ಎಂದರಂತೆ ವ್ಯಾಪಾರಿ. ಹಾಗೆ ಬರೆದುಕೊಡಬಹುದೇ ಎಂದು ಮನೆಯವರು ನಮ್ಮನ್ನು ಕೇಳಿದರು.

ವೈಟ್‌ಫ್ರಯರ್ಸ್ ಸಾಮಾನ್ಯ ಹೆಸರಲ್ಲ. ಜೇಮ್ಸ್ ಪೊವೆಲ್ 1834ರಲ್ಲಿ ಕೊಂಡ ಈ ಕಾರ್ಖಾನೆ 1980ರವರೆಗೆ ನಡೆಯಿತು. 1848ರ ಅಂಕಿಯುಳ್ಳ ಗುಂಡುಗಳೆಲ್ಲ ಅಲ್ಲಿಯವೇ ಎಂದು ಬಹುಕಾಲ ನಂಬಿದ್ದರು. ಈಚಿನ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಇಂಥವುಗಳಲ್ಲಿ ಹಲವು ಇಪ್ಪತ್ತನೆಯ ಶತಮಾನದಲ್ಲಿ, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಲ್ಲಿ ತಯಾರಾದವು ಎಂಬುದು ಅವರ ಅಭಿಪ್ರಾಯ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಒಳಗಿನ ಹೂಗಳೇ ಮುಖ್ಯ ಸಾಕ್ಷಿ. ಬಣ್ಣಬಣ್ಣದ ಗಾಜನ್ನು ಒಂದರ ಮೇಲೊಂದು ಅಚ್ಚಿನಲ್ಲಿ ಕೂಡಿಸಿ, ಕಾದಿರುವಾಗಲೇ ಉದ್ದನೆಯ ಕಡ್ಡಿಯಾಗಿ ಎಳೆಯುತ್ತಾರೆ. ಆರಿದ ಕಡ್ಡಿಯನ್ನು ಸಣ್ಣ ಬಿಲ್ಲೆಗಳಾಗಿ ಕತ್ತರಿಸಿದರೆ ಪ್ರತಿ ಬಿಲ್ಲೆಯಲ್ಲೂ ಅದೇ ಹೂ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ. ಆದ್ದರಿಂದ ಭೂತಗನ್ನಡಿ ಹಿಡಿದು, ಹುಟ್ಟು ಖಚಿತವಾಗಿರುವ ಗುಂಡುಗಳ ಚಿತ್ರಗಳೊಡನೆ ಹೂವಿಗೆ ಹೂ ಹೋಲಿಸಬೇಕು. 1849ರ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ಗುಂಡುಗಳನ್ನಿಟ್ಟಿದ್ದ ಬ್ಯಾಕಸ್ ಕಾರ್ಖಾನೆಯ ಕೆಲಸವನ್ನು ಗುರುತಿಸುವುದೂ ಹೀಗೆಯೇ.

ಮುಂದೆ ಗುಂಡನ್ನು ಮಗುಚಿ ತಳ ನೋಡಬೇಕು. ಸೀಸೆಯ ಹಸಿರು ಗಾಜಿನಲ್ಲಿ, ಒಳಗೆ ಗುಳ್ಳೆಗಳ ಹೂಗೊಂಚಲಿರುವ ದಪ್ಪ ಗುಂಡುಗಳುಂಟು. ಕೆಲವುಗಳ ತಳದಲ್ಲಿ ವೇಕ್‌ಫೀಲ್ಡಿನ ಕಿಲ್ನರ್ ಎಂಬ ಮುದ್ರೆಯೇ ಇರುತ್ತದೆ. ವೈಟ್‌ಫ್ರಯರ್ಸಿನ ಕೊನೆಗಾಲದ ಹಲವು ಗುಂಡುಗಳಲ್ಲಿ ಬಿಳಿಯ ಸಂನ್ಯಾಸಿಯ ಪುಟ್ಟ ಬೊಂಬೆ ಕಾಣುತ್ತದೆ. ಬಹುದಿನ ಮೇಜಿನ ಮೇಲೆ ಸರಿದಾಡಿದ ತಳದಲ್ಲಿ ಅಡ್ಡಾದಿಡ್ಡಿ ಗೀರುಗಳು ಸಹಜ. ಉಜ್ಜಿ ಹಳತಾಗಿಸಿದ್ದಾದರೆ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಕಂಡಾವು. ಕಣ್ಣು ಪಳಗಬೇಕಾದರೆ ನಮ್ಮೂರಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಯೂರೋಪಿನ ಗಾಜಿನ ಸಂಗ್ರಹವನ್ನು ನೋಡಬೇಕು.

ಆ ಮನೆಯವರು ಕೊನೆಗೆ ಬರೆದದ್ದು ಇಷ್ಟೆ: "ಇಂಗ್ಲಿಷ್ ಗುಂಡು, ಬಹುಶಃ ಬರ್ಮಿಂಗ್‌ಹ್ಯಾಮಿನದು. 1848 ತಯಾರಿಕೆಯ ವರ್ಷವೆಂದು ಹೇಳಲಾಗದು." ಬೆಲೆ ಅರ್ಧಕ್ಕಿಳಿಯಿತು. ಫೀಜಿಗೆ ಸಾಲ ಮಾಡಿದರು, ಗುಂಡನ್ನು ಮಾರಲಿಲ್ಲ.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಹಿರಿಯರ ಸಾಮಾನು ಇರುವುದೇ ಒಂದೆರಡು. ಯಾರು, ಎಲ್ಲಿ, ಯಾವಾಗ ತಂದರೆಂದು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬರೆಯಿರಿ. ಮುಂದೆ ಮಕ್ಕಳು ನಂಬಬೇಕಾದದ್ದು ಆ ಚೀಟಿಯನ್ನೇ.