ಅಗ್ಗದ ಕತಾನದ ಪರೀಕ್ಷೆ

ಜಪಾನಿನ ಸಮುರಾಯಿ ವೀರರ ಕತ್ತಿಗೆ ‘ಕತಾನ’ ಎಂದು ಹೆಸರು. ಅಗ್ಗದ ಬೆಲೆಗೆ ದೊರೆಯುವ ಅದರ ಪ್ರತಿಕೃತಿಗಳನ್ನು ಹೊಳಪಿನಿಂದ ಅಳೆಯುವುದು ಸಲ್ಲದು.

ಮೊದಲು ಹಿಡಿಯನ್ನು ನೋಡಬೇಕು. ಅದರ ಬಿದಿರಿನ ಬೆಣೆಯನ್ನು ತಟ್ಟಿ ತೆಗೆದರೆ ಅಲಗು ಕಳಚಿ ಬರುತ್ತದೆ. ಅಲಗಿನ ಬುಡವು ಅದೇ ಉಕ್ಕಿನದಾಗಿ, ಅಗಲವಾಗಿ, ಹಿಡಿಯೊಳಗೆ ಬಹುದೂರ ಚಾಚಿರಬೇಕು. ತೆಳುವಾದ ಸರಳನ್ನು ಬೆಸೆದಿದ್ದರೆ, ಬೀಸಿದಾಗ ಅಲಗು ಮುರಿದು ಹಾರಿ ಎದುರಿಗಿದ್ದವರ ಪ್ರಾಣಕ್ಕೇ ಸಂಚಕಾರ ತಂದೀತು.

ಎರಡನೆಯದು ಉಕ್ಕು. ತುಕ್ಕು ಹಿಡಿಯದ ಉಕ್ಕಿನ ನೀಳವಾದ ಅಲಗು ಪೆಡಸು. ಗೋಡೆಯ ಅಲಂಕಾರಕ್ಕಷ್ಟೇ ಸರಿ.

ಮೂರನೆಯದು, ಬಾಯಿಯ ಉದ್ದಕ್ಕೂ ಕಾಣುವ ‘ಹಾಮೋನ್’ ಎಂಬ ಗೆರೆ. ಬೆನ್ನಿಗೆ ದಪ್ಪವಾಗಿ ಮಣ್ಣು ಮೆತ್ತಿ, ಕಾಯಿಸಿ, ನೀರಿಗದ್ದಿದಾಗ ಬಾಯಿ ಬೇಗ ತಣಿದು ಗಡಸಾಗುತ್ತದೆ. ಬೆನ್ನು ಮೆದುವಾಗಿ ಉಳಿಯುತ್ತದೆ. ಅವೆರಡರ ಗಡಿಯೇ ಈ ಗೆರೆ. ಅಗ್ಗದವುಗಳಲ್ಲಿ ಆಮ್ಲದಿಂದ ಬರೆದ ಹುಸಿಗೆರೆಯೂ ಉಂಟು. ಗೆರೆ ಹುಸಿಯಾದರೆ ಮೋಸ ಕಣ್ಣಿಗೆ ಮಾತ್ರ. ಬುಡ ಹುಸಿಯಾದರೆ ಜೀವಕ್ಕೆ. ಆದುದರಿಂದ ಬೆಣೆ ತೆಗೆಯಗೊಡದ ವ್ಯಾಪಾರಿಯಿಂದ ಕೊಳ್ಳದಿರುವುದೇ ಲೇಸು.