ಕಥೆಯ ಕಾಲವೂ ಪರೀಕ್ಷೆಯ ಉತ್ತರವೂ

ಸಾಹಿತ್ಯವನ್ನು ಸಂತೋಷಕ್ಕಾಗಿ ಓದುವುದು ಬೇರೆ, ಪರೀಕ್ಷೆಗಾಗಿ ಓದುವುದು ಬೇರೆ ಎಂಬುದು ಮಕ್ಕಳನ್ನು ಓದಿಸಿದ ಗೃಹಸ್ಥರೆಲ್ಲರೂ ಬಲ್ಲ ಸಂಗತಿಯಷ್ಟೆ. ಈ ಕಷ್ಟವು ಆಂಗ್ಲ ಸಾಹಿತ್ಯವನ್ನು ದೂರದಿಂದ ಕಲಿಯತಕ್ಕ ನಮಗೆ ಮಾತ್ರವೆಂದು ತಿಳಿಯಬಾರದು. ಆ ಭಾಷೆಯ ತವರಾದ ಇಂಗ್ಲೆಂಡಿನ ಮಕ್ಕಳಿಗೂ ಅದು ತಪ್ಪಿಲ್ಲ.

ಅಲ್ಲಿ ಹದಿನಾರರ ಪ್ರಾಯದ ಹುಡುಗ ಹುಡುಗಿಯರು ಕೊಡತಕ್ಕ ಪರೀಕ್ಷೆಗೆ ಜಿ.ಸಿ.ಎಸ್.ಇ. ಎಂದು ಹೆಸರು. ಅದು ಮೊದಲು ನಡೆದುದು ೧೯೮೮ರಲ್ಲಿ. ಅದರ ಸಾಹಿತ್ಯದ ಪಾಠಕ್ರಮವನ್ನು ತಿದ್ದಿ, ೨೦೧೫ರಿಂದ ಪಾಠ ಹೇಳಿ, ೨೦೧೭ರಲ್ಲಿ ಹೊಸ ರೀತಿಯ ಪರೀಕ್ಷೆಯನ್ನು ನಡೆಸಿದರು. ಷೇಕ್ಸ್‌ಪಿಯರನ ನಾಟಕವೊಂದು, ಹತ್ತೊಂಬತ್ತನೆಯ ಶತಮಾನದ ಕಾದಂಬರಿಯೊಂದು, ೧೭೮೯ರಿಂದ ಈಚಿನ ಕವಿತೆಗಳು, ೧೯೧೪ರಿಂದ ಈಚಿನ ಕಥೆ ಅಥವಾ ನಾಟಕವೊಂದು, ಇಷ್ಟನ್ನೂ ಓದಿಕೊಂಡು, ಪುಸ್ತಕವನ್ನು ಮನೆಯಲ್ಲಿಟ್ಟುಬಂದು ಉತ್ತರ ಬರೆಯಬೇಕು. ಕೃತಿಗೂ ಅದು ಹುಟ್ಟಿದ ಕಾಲಕ್ಕೂ ಇರುವ ಸಂಬಂಧವನ್ನು ತೋರಿಸಬೇಕೆಂಬುದು ಅಲ್ಲಿನ ನಿಯಮಗಳಲ್ಲೊಂದು. ಅದಕ್ಕೆ ಸಲ್ಲುವುದು ನೂರರಲ್ಲಿ ೧೫ರಿಂದ ೨೦ ಅಂಕಗಳು. ಅಂಕಗಳು ಸ್ವಲ್ಪವಾದರೂ ಅದಕ್ಕಾಗಿ ಹುಟ್ಟಿರುವ ಟಿಪ್ಪಣಿಗಳು ಸ್ವಲ್ಪವಲ್ಲ. ರಾಣಿಯ ಹೆಸರು, ಒಂದು ಕಾಯಿದೆ, ಎರಡು ಇಸವಿ, ಇವನ್ನು ಉರುಹೊಡೆದು ಉತ್ತರದ ಕೊನೆಯಲ್ಲಿ ಅಂಟಿಸಿಬಿಟ್ಟರೆ ಚರಿತ್ರೆಯ ಋಣ ತೀರಿತೆಂದು ಮಕ್ಕಳು ನಂಬುವರು. ಹಾಗೆ ಅಂಟಿಸಿದ ಚರಿತ್ರೆಯಿಂದ ಕಥೆಯೂ ಬೆಳಗದು, ಚರಿತ್ರೆಯೂ ತಿಳಿಯದು.

ಉದಾಹರಣೆಗೆ, ಆ ಪರೀಕ್ಷೆಗಾಗಿ ಬಹುಮಂದಿ ಓದುವ ಚಾರ್ಲ್ಸ್ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್' ಎಂಬ ಸಣ್ಣ ಪುಸ್ತಕವನ್ನು ನೋಡೋಣ. ಕಥೆ ಎಲ್ಲರೂ ಬಲ್ಲದ್ದೇ. ಸ್ಕ್ರೂಜನೆಂಬ ಮಹಾ ಲೋಭಿಗೆ ಹಬ್ಬದ ಹಿಂದಿನ ರಾತ್ರಿ ಸತ್ತ ಪಾಲುಗಾರನ ಪ್ರೇತವೂ, ಆ ಬಳಿಕ ಮೂರು ಭೂತಗಳೂ ಕಾಣಿಸಿಕೊಂಡು ಅವನ ಮನಸ್ಸನ್ನು ತಿರುಗಿಸುತ್ತವೆ. ಪುಸ್ತಕ ಹೊರಬಿದ್ದದ್ದು ೧೮೪೩ನೆಯ ಡಿಸೆಂಬರ್ ೧೯ರಂದು. ಆ ವರ್ಷದ ಆದಿಯಲ್ಲಿ, ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುತ್ತಿದ್ದ ಎಳೆಯ ಮಕ್ಕಳ ವಿಷಯವಾದ ಸರಕಾರೀ ವರದಿಯನ್ನು ಡಿಕನ್ಸನು ಓದಿ ಕುದಿದುಹೋಗಿದ್ದನು. ಕರಪತ್ರವೊಂದನ್ನು ಬರೆಯಬೇಕೆಂದಿದ್ದವನು ಅದನ್ನು ಬಿಟ್ಟು, ಸುಮಾರು ಆರು ವಾರಗಳಲ್ಲಿ ಈ ಕಥೆಯನ್ನು ಬರೆದು ಮುಗಿಸಿದನು. ತಾನೇ ಹನ್ನೆರಡನೆಯ ವಯಸ್ಸಿನಲ್ಲಿ, ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದ್ದಾಗ, ವಾರಕ್ಕೆ ಆರು ಷಿಲಿಂಗಿಗೆ ಬೂಟಿನ ಮಸಿಯ ಕಾರ್ಖಾನೆಯಲ್ಲಿ ದುಡಿದವನು. ವರದಿಯ ಮಕ್ಕಳು ಅವನಿಗೆ ಕಾಗದದ ಮೇಲಿನ ಅಂಕಿಗಳಾಗಿರಲಿಲ್ಲ.

ಕಥೆಯ ಆರಂಭದಲ್ಲಿ ಇಬ್ಬರು ಸಜ್ಜನರು ಬಡವರಿಗಾಗಿ ಚಂದಾ ಕೇಳಲು ಬರುತ್ತಾರೆ. ವರ್ಕ್‌ಹೌಸುಗಳು ಇಲ್ಲವೇ ಎಂಬುದು ಸ್ಕ್ರೂಜನ ಪ್ರತಿಪ್ರಶ್ನೆ. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ಲೇಸೆಂದು ಅನೇಕರು ಭಾವಿಸುವರೆಂದು ಅವರು ಹೇಳುತ್ತಾರೆ. ಈಗಿನ ಹುಡುಗನು ಇದನ್ನು ಅತಿಶಯೋಕ್ತಿಯೆಂದು ದಾಟಿಹೋದರೆ ಆಶ್ಚರ್ಯವಿಲ್ಲ. ಆದರೆ ೧೮೩೪ರ ಬಡವರ ಕಾಯಿದೆಯ ತತ್ತ್ವವೇನೆಂದರೆ, ವರ್ಕ್‌ಹೌಸಿನೊಳಗಿನ ಬಾಳು ಹೊರಗಿನ ಅತ್ಯಂತ ಬಡ ಕೂಲಿಯವನ ಬಾಳಿಗಿಂತಲೂ ಕೀಳಾಗಿರಬೇಕು, ಇಲ್ಲವಾದರೆ ಸೋಮಾರಿಗಳು ತುಂಬಿಕೊಳ್ಳುವರು ಎಂಬುದು. ಒಳಗೆ ಕಾಲಿಟ್ಟೊಡನೆ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳೊಂದು ಕಡೆ. ಇದಕ್ಕಿಂತ ಘೋರವಾದುದು ಇನ್ನೊಂದಿದೆ. ೧೮೩೨ರ ಶರೀರಶಾಸ್ತ್ರದ ಕಾಯಿದೆಯ ಪ್ರಕಾರ, ವರ್ಕ್‌ಹೌಸಿನಲ್ಲಿ ಸತ್ತು, ಕೇಳುವವರಿಲ್ಲದ ದೇಹಗಳನ್ನು ವೈದ್ಯ ವಿದ್ಯಾರ್ಥಿಗಳು ಕೊಯ್ದು ಕಲಿಯುವುದಕ್ಕೆ ಕೊಡಬಹುದಾಗಿತ್ತು. ಮಣ್ಣಾದರೂ ಮರ್ಯಾದೆಯಿಂದ ಆಗಬೇಕೆಂಬ ಬಡವನ ಕಡೆಯ ಆಸೆಯೂ ಅಲ್ಲಿ ಉಳಿಯುತ್ತಿರಲಿಲ್ಲ. ಇದನ್ನು ತಿಳಿದವನಿಗೆ ಆ ಸಜ್ಜನರ ಮಾತು ಅಲಂಕಾರವಲ್ಲ, ವರ್ತಮಾನ.

ಹಾಗಾದರೆ ಅವರು ಸತ್ತು, ಹೆಚ್ಚಾದ ಜನಸಂಖ್ಯೆಯನ್ನು ತಗ್ಗಿಸಲಿ ಎಂಬ ಅರ್ಥದಲ್ಲಿ ಸ್ಕ್ರೂಜನು ಮಾತು ಮುಗಿಸುತ್ತಾನೆ. ಇದು ಅವನೊಬ್ಬನ ಕ್ರೌರ್ಯವಲ್ಲ. ಅಂದಿನ ವಿದ್ಯಾವಂತರಲ್ಲಿ ಬಳಕೆಗೆ ಬಂದಿದ್ದ ಶಾಸ್ತ್ರ. ಜನರು ಹೆಚ್ಚುವ ವೇಗಕ್ಕೆ ಆಹಾರವು ಹೆಚ್ಚಲಾರದೆಂದು ಮಾಲ್ಥಸನು ೧೭೯೮ರಲ್ಲಿಯೇ ಪುಸ್ತಕ ಬರೆದಿದ್ದನು. ಈತನು ೧೮೦೫ರಿಂದ ೧೮೩೪ರಲ್ಲಿ ತೀರಿಕೊಳ್ಳುವವರೆಗೂ ಈಸ್ಟ್ ಇಂಡಿಯಾ ಕಂಪೆನಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪಾಧ್ಯಾಯನಾಗಿದ್ದನೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ನಮ್ಮ ದೇಶಕ್ಕೆ ಅಧಿಕಾರಿಗಳಾಗಿ ಬರಲಿದ್ದ ತರುಣರು ಅವನ ಮುಂದೆ ಕುಳಿತು ಪಾಠ ಕೇಳಿದವರು. ಡಿಕನ್ಸನು ಈ ಶಾಸ್ತ್ರವನ್ನು ಶಾಸ್ತ್ರದಿಂದ ಖಂಡಿಸಲಿಲ್ಲ. ಊರುಗೋಲು ಹಿಡಿದ ಟೈನಿ ಟಿಮ್ ಎಂಬ ಮಗುವನ್ನು ತಂದು ಸ್ಕ್ರೂಜನೆದುರಿಗೆ ಕೂರಿಸಿದನು. ಈ ಮಗು ಬದುಕೀತೇ ಎಂದು ಸ್ಕ್ರೂಜನು ಕಳವಳದಿಂದ ಕೇಳಿದಾಗ, ಭೂತವು ಅವನ ಮಾತನ್ನೇ ಅವನಿಗೆ ಹಿಂದಕ್ಕೆ ಕೊಡುತ್ತದೆ. ಮಾಲ್ಥಸನ ಇಸವಿಯನ್ನು ಬರೆಯುವುದಾದರೆ ಉತ್ತರದಲ್ಲಿ ಬರೆಯಬೇಕಾದ ಸ್ಥಳ ಇದು.

ಇನ್ನೊಂದು ಸಣ್ಣ ವಿಷಯ. ಟಿಪ್ಪಣಿಗಳು ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ನಮಗೆ ಮಾತ್ರ ಬಹಳ ಸ್ವಾರಸ್ಯವಾಗಿ ಕಂಡಿತು. ಹಬ್ಬದ ದಿನ ಬಡವರು ತಮ್ಮ ಅಡಿಗೆಯನ್ನು ಹೊತ್ತು ರೊಟ್ಟಿಯಂಗಡಿಗೆ ಹೋಗುತ್ತಾರೆ. ಕ್ರಾಚಿಟ್ಟನ ಮನೆಯ ಬಾತುಕೋಳಿಯೂ ಬೆಂದು ಬರುವುದು ಅಲ್ಲಿಂದಲೇ. ಅವರ ಮನೆಗಳಲ್ಲಿ ಮಾಂಸ ಬೇಯಿಸುವಷ್ಟು ದೊಡ್ಡ ಒಲೆಯಿರಲಿಲ್ಲ. ಭಾನುವಾರದ ಆಚರಣೆಯ ಹೆಸರಿನಲ್ಲಿ ವ್ಯಾಪಾರ ವಿನೋದಗಳನ್ನೆಲ್ಲ ನಿಲ್ಲಿಸಬೇಕೆಂದು ಸರ್ ಆಂಡ್ರೂ ಆಗ್ನ್ಯೂ ಎಂಬಾತನು ೧೮೩೦ರ ದಶಕದಲ್ಲಿ ಪಾರ್ಲಿಮೆಂಟಿನಲ್ಲಿ ಮತ್ತೆ ಮತ್ತೆ ಮಸೂದೆ ತಂದನು. ೧೮೩೬ರಲ್ಲಿ ಡಿಕನ್ಸನು ಸುಳ್ಳು ಹೆಸರಿನಲ್ಲಿ ಅದರ ವಿರುದ್ಧ ಪುಸ್ತಿಕೆ ಬರೆದನು. ಏಳನೆಯ ದಿನ ಬಡವರ ಊಟದ ದಾರಿಯನ್ನು ಮುಚ್ಚಿಸುವವನು ನೀನಲ್ಲವೇ ಎಂದು ಸ್ಕ್ರೂಜನು ಭೂತವನ್ನು ಕೇಳುವ ಪ್ರಸಂಗವು ಈ ಜಗಳವನ್ನು ಅರಿಯದವನಿಗೆ ಒಗಟು. ಅರಿತವನಿಗೆ, ಉಳ್ಳವರ ಭಕ್ತಿಯ ವೆಚ್ಚವನ್ನು ಇಲ್ಲದವರ ಹೊಟ್ಟೆ ತೆರಬೇಕಾಗಿದ್ದುದು ಕಣ್ಣಿಗೆ ಕಾಣುತ್ತದೆ.

ಗುಮಾಸ್ತ ಕ್ರಾಚಿಟ್ಟನ ಸಂಬಳ ವಾರಕ್ಕೆ ಹದಿನೈದು ಷಿಲಿಂಗು; ಮಕ್ಕಳು ಆರು ಮಂದಿ. ಪುಸ್ತಕದ ಬೆಲೆ ಐದು ಷಿಲಿಂಗು. ತನ್ನ ಕಥೆಯನ್ನು ಕೊಳ್ಳಬೇಕಾದರೆ ಕ್ರಾಚಿಟ್ಟನು ವಾರದ ಸಂಬಳದಲ್ಲಿ ಮೂರರಲ್ಲೊಂದು ಪಾಲನ್ನು ಕೊಡಬೇಕಾಗಿತ್ತು! ಆದರೂ ಹಬ್ಬಕ್ಕೆ ಮೊದಲೇ ಆರು ಸಾವಿರ ಪ್ರತಿಗಳು ಮಾರಿಹೋದುವು. ಕೊಂಡವರು ಯಾರು, ಲೇಖಕನು ಮಾತನಾಡುತ್ತಿದ್ದುದು ಯಾರೊಡನೆ ಎಂಬುದು ಈ ಲೆಕ್ಕದಿಂದಲೇ ತಿಳಿಯುವುದಲ್ಲವೆ?

ಇಸವಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಂಡೋವರಿನ ವರ್ಕ್‌ಹೌಸಿನಲ್ಲಿ, ಪುಡಿಮಾಡಲು ಕೊಟ್ಟ ಮೂಳೆಗಳನ್ನು ಹಸಿದವರು ಕಡಿದು ತಿಂದರೆಂಬ ಸುದ್ದಿ ದೇಶವನ್ನೆಲ್ಲ ನಡುಗಿಸಿತು. ಭಯಂಕರವಾದುದರಿಂದ ಅದು ಮಕ್ಕಳ ನೆನಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಅದು ಬಯಲಿಗೆ ಬಂದುದು ೧೮೪೫ರಲ್ಲಿ; ೧೮೪೩ರ ಪುಸ್ತಕಕ್ಕೆ ಅದು ಕಾರಣವಾಗಲಾರದು. ಮಗು ಇಂಥ ಸಂಗತಿಯನ್ನು ಹೇಳಿದಾಗ, ಇಂಗ್ಲಿಷ್ ಬಾರದ ತಾಯಿಯೂ ಎರಡು ಪ್ರಶ್ನೆಗಳನ್ನು ಕೇಳಬಹುದು: ಇದು ಪುಸ್ತಕಕ್ಕೆ ಮೊದಲೋ, ಆಮೇಲೋ? ಇದು ತಿಳಿದ ಮೇಲೆ ಕಥೆಯ ಯಾವ ಮಾತು ನಿನಗೆ ಬೇರೆಯಾಗಿ ಕೇಳಿಸಿತು? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ಸಂಗತಿ ಎಷ್ಟೇ ನಿಜವಾದರೂ ಉತ್ತರಪತ್ರಿಕೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಕಥೆಯ ನಡುವೆ ಒಂದು ಭೂತವು ತನ್ನ ನಿಲುವಂಗಿಯ ಮರೆಯಿಂದ ಇಬ್ಬರು ಬಡಕಲು ಮಕ್ಕಳನ್ನು ಹೊರಗೆ ತೋರಿಸುತ್ತದೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಕೊರತೆ. ಇಬ್ಬರಲ್ಲಿ ಹುಡುಗನಿಗೇ ಹೆಚ್ಚು ಅಂಜಬೇಕೆಂಬುದು ಭೂತದ ಎಚ್ಚರಿಕೆ. ಹಸಿವಿಗಿಂತ ಅಜ್ಞಾನವನ್ನು ಏಕೆ ಮುಂದಿಟ್ಟನು? ೧೮೪೩ರ ಸೆಪ್ಟೆಂಬರಿನಲ್ಲಿ ಡಿಕನ್ಸನು ಲಂಡನಿನ ಫೀಲ್ಡ್ ಲೇನ್ ಎಂಬಲ್ಲಿ ಚಿಂದಿಯುಟ್ಟ ಮಕ್ಕಳಿಗಾಗಿ ನಡೆಯುತ್ತಿದ್ದ ಧರ್ಮಶಾಲೆಯನ್ನು ನೋಡಿಬಂದಿದ್ದನು. ಬಡವರ ಮಕ್ಕಳಿಗೆಲ್ಲ ಶಾಲೆ ಕಟ್ಟಿಸುವ ಹೊಣೆಯನ್ನು ಸರಕಾರವು ಆಗಿನ್ನೂ ಹೊತ್ತಿರಲಿಲ್ಲ. ಶಾಲೆಯಿಲ್ಲದ ಕಡೆ ಚುನಾಯಿತ ಮಂಡಲಿಗಳು ಶಾಲೆ ತೆರೆಯಬೇಕೆಂಬ ಶಿಕ್ಷಣದ ಕಾಯಿದೆ ಬಂದುದು ೧೮೭೦ರ ಆಗಸ್ಟಿನಲ್ಲಿ. ಡಿಕನ್ಸನು ಅದೇ ವರ್ಷದ ಜೂನ್ ೯ರಂದು ತೀರಿಕೊಂಡಿದ್ದನು.