ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ

ಮಾರುವವನಿಗೇ ಮಾರುವುದು ಎಲ್ಲ ಮಾರಾಟಗಳಿಗಿಂತ ಕಠಿಣವಾದುದು. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಬಂದವರ ಮುಖ ನೋಡಿದೊಡನೆಯೇ ಇವರು ಕೊಳ್ಳುವವರೋ, ಬೆಲೆ ಕೇಳಿ ಹೋಗುವವರೋ ಎಂದು ಗುರುತಿಸಬಲ್ಲ ಯಜಮಾನರೊಬ್ಬರ ಎದುರು ನಿಂತು, ‘ನಿಮ್ಮ ವ್ಯಾಪಾರವನ್ನು ನಾನು ಹೆಚ್ಚಿಸಿಕೊಡುತ್ತೇನೆ’ ಎಂದು ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳು ಹೇಳಬೇಕಾದರೆ ಅವಳಿಗೆ ಎಷ್ಟು ಧೈರ್ಯ ಬೇಕು, ಅದಕ್ಕಿಂತ ಹೆಚ್ಚಾಗಿ ಎಷ್ಟು ಸಿದ್ಧತೆ ಬೇಕು ಎಂಬುದನ್ನು ವಾಚಕರೇ ಊಹಿಸಬಹುದು.

ಆ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಪದವಿ ಮುಗಿಸಿ, ಒಂದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಮೈಸೂರಿಗೆ ಮರಳಿ, ಇಬ್ಬರು ಗೆಳತಿಯರೊಡನೆ ‘ಡಿಜಿಟಲ್ ಮಾರ್ಕೆಟಿಂಗ್’ ಎಂಬ ಉದ್ಯೋಗವನ್ನು ಆರಂಭಿಸಿದ್ದಳು. ಹಿಂದೆ ಊರಿಗೆ ಹೊಸ ಸಿನಿಮಾ ಬಂದರೆ ಜಟಕಾಗಾಡಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಕರಪತ್ರ ಎರಚುತ್ತ ಹೋಗುತ್ತಿದ್ದರಲ್ಲ, ಆ ಕೆಲಸವನ್ನೇ ಈಗ ಜನರ ಕೈಯಲ್ಲಿರುವ ಫೋನಿನೊಳಗೆ ಹೊಕ್ಕು ಮಾಡುವುದೆಂದು ಸ್ಥೂಲವಾಗಿ ತಿಳಿದುಕೊಂಡರೆ ಸಾಕು. ವ್ಯತ್ಯಾಸವೊಂದುಂಟು. ಜಟಕಾದವನಿಗೆ ತನ್ನ ಕರಪತ್ರವನ್ನು ಓದಿದವರು ಎಷ್ಟು ಮಂದಿ, ಕಡಲೆಕಾಯಿ ಕಟ್ಟಿದವರು ಎಷ್ಟು ಮಂದಿ ಎಂಬುದು ತಿಳಿಯುತ್ತಿರಲಿಲ್ಲ. ಈಗಿನವರಿಗೆ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಉದ್ಯೋಗವೇನೋ ಆರಂಭವಾಯಿತು, ಹಣ ಕೊಟ್ಟು ಕೆಲಸ ಮಾಡಿಸಿಕೊಳ್ಳುವವರು ಆರು ತಿಂಗಳಾದರೂ ಒಬ್ಬರೂ ಸಿಗಲಿಲ್ಲ. ದೀಪಾವಳಿಯೊಳಗೆ ಒಂದು ದಾರಿಯಾಗದಿದ್ದರೆ ಬೆಂಗಳೂರಿನ ನೌಕರಿಗೆ ಹಿಂದಿರುಗತಕ್ಕದ್ದೆಂದು ಅವಳ ತಂದೆ ಗಡುವು ಹಾಕಿದ್ದರು. ಹೀಗಿರಲಾಗಿ ಅವಳ ಕಣ್ಣಿಗೆ ಬಿದ್ದದ್ದು ಹಳೆಯ ಬಡಾವಣೆಯ ಒಂದು ಕಾಫಿಪುಡಿಯ ಅಂಗಡಿ. ಬೀಜವನ್ನು ಅಲ್ಲಿಯೇ ಹುರಿದು, ಗಿರಾಕಿಯ ಕಣ್ಣೆದುರು ಪುಡಿಮಾಡಿ, ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿಕೊಡುವ ಅಂಗಡಿ. ಯಜಮಾನರಿಗೆ ಅರವತ್ತು ದಾಟಿದೆ. ಮಗ ಬೇರೆ ವೃತ್ತಿ ಹಿಡಿದಿದ್ದಾನೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತಲುಪಿಸುವ ಕಂಪನಿಗಳು ಊರಿಗೆ ಬಂದಮೇಲೆ ವ್ಯಾಪಾರ ಇಳಿಮುಖವಾಗಿದೆ. ಅಂಗಡಿಯನ್ನು ಬಾಡಿಗೆಗೆ ಬಿಟ್ಟು ಕೈತೊಳೆದುಕೊಂಡರೇನು ಎಂಬ ಯೋಚನೆಯೂ ಅವರಿಗಿತ್ತೆಂದು ನೆರೆಹೊರೆಯವರು ಹೇಳುತ್ತಿದ್ದರು.

ಅವಳು ನನ್ನಲ್ಲಿಗೆ ಬಂದಾಗ ಯಜಮಾನರಿಗೆ ತೋರಿಸಬೇಕೆಂದು ಇಪ್ಪತ್ತೆಂಟು ಪುಟಗಳ ಚಿತ್ರಮಾಲೆಯನ್ನು ಸಿದ್ಧಪಡಿಸಿ ತಂದಿದ್ದಳು. ಮೊದಲ ಪುಟದಿಂದ ಕಡೆಯ ಪುಟದವರೆಗೆ ‘ಎಂಗೇಜ್‌ಮೆಂಟ್’, ‘ಇಂಪ್ರೆಷನ್’, ‘ಆರ್ಗ್ಯಾನಿಕ್ ರೀಚ್’ ಎಂಬ ಶಬ್ದಗಳ ಸಂತೆ. “ಇದನ್ನು ಕನ್ನಡಕ್ಕೆ ಮಾಡಿಕೊಡಿ, ಸಾರ್” ಎಂದಳು. ಓದಿ ನೋಡಿದೆ. ಕನ್ನಡಕ್ಕೆ ತರುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ! ಒಂದು ಕಾಫಿಪುಡಿಯ ಅಂಗಡಿಯ ವಿಷಯ ಅದರಲ್ಲಿ ಎಲ್ಲಿಯೂ ಬಂದಿರಲಿಲ್ಲ. ಹೆಸರೊಂದನ್ನು ಬದಲಾಯಿಸಿದರೆ ಅದೇ ಮಾಲೆ ದಂತವೈದ್ಯರಿಗೂ ಕಲ್ಯಾಣಮಂಟಪಕ್ಕೂ ಒಪ್ಪುವಂತಿತ್ತು. “ಆ ಅಂಗಡಿಯ ಎದುರು ಎಷ್ಟು ಹೊತ್ತು ನಿಂತಿದ್ದೀಯಮ್ಮ?” ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಹೋಗಿ ನಿಂತಳು.

ಎರಡು ಬೆಳಿಗ್ಗೆ, ಒಂದು ಸಂಜೆ, ಒಂದು ಭಾನುವಾರ ಇಷ್ಟು ಹೊತ್ತು ಎದುರು ಬದಿಯಲ್ಲಿ ನಿಂತು ಅವಳು ತಿಳಿದುಕೊಂಡದ್ದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಬಂದವರಲ್ಲಿ ಬಹುಪಾಲು ಐವತ್ತು ದಾಟಿದವರು. ಹೆಚ್ಚಿನವರು ಒಯ್ದದ್ದು ಕಾಲು ಕಿಲೋ ಅಥವಾ ಅರ್ಧ ಕಿಲೋ. ಪೀಬೆರಿ ಎಷ್ಟು, ರೊಬಸ್ಟ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಅವರು ಹೇಳುವ ಮೊದಲೇ ಯಜಮಾನರ ಕೈ ಅಳೆಯುತ್ತಿತ್ತು. ಭಾನುವಾರ ಅಂಗಡಿ ಮಧ್ಯಾಹ್ನ ಒಂದಕ್ಕೆ ಮುಚ್ಚಿತು. ಎರಡು ಗಂಟೆಯ ಹೊತ್ತಿಗೆ ಯುವ ದಂಪತಿಗಳಿಬ್ಬರು ಆಟೋ ಇಳಿದು, ಮುಚ್ಚಿದ ಬಾಗಿಲನ್ನೂ ಕೈಯಲ್ಲಿನ ಫೋನನ್ನೂ ಎರಡೆರಡು ಸಲ ನೋಡಿ, ಅದೇ ಆಟೋ ಹತ್ತಿ ಹೊರಟುಹೋದರು. ಫೋನಿನ ನಕ್ಷೆಯಲ್ಲಿ ಆ ಅಂಗಡಿ ಭಾನುವಾರವೂ ರಾತ್ರಿ ಒಂಬತ್ತರವರೆಗೆ ತೆರೆದಿರುವುದೆಂದು ನಮೂದಾಗಿತ್ತು.

ಇಪ್ಪತ್ತೆಂಟು ಪುಟಗಳಲ್ಲಿ ಇರದಿದ್ದ ಮಾತು ಆ ಬಾಗಿಲ ಮುಂದೆ ಸಿಕ್ಕಿತು.

ಮುಂದಿನ ಕೆಲಸ ನಕ್ಷೆಯ ಪರಿಶೀಲನೆ. ಗೂಗಲ್ ನಕ್ಷೆಯಲ್ಲಿ ಅಂಗಡಿಗಳ ವಿವರವನ್ನು ಇಟ್ಟುಕೊಳ್ಳುವ ಸೌಲಭ್ಯಕ್ಕೆ ಮೊದಲು ‘ಗೂಗಲ್ ಮೈ ಬಿಸಿನೆಸ್’ ಎಂದು ಹೆಸರಿತ್ತು. ೨೦೨೧ರಲ್ಲಿ ಅದು ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಎಂದಾಯಿತು. ಅಂಗಡಿಯವರು ಇದಕ್ಕೆ ಒಂದು ಪೈಸೆಯನ್ನೂ ಕೊಡಬೇಕಾದುದಿಲ್ಲ. ತಾವೇ ಮಾಲೀಕರೆಂದು ರುಜುವಾತುಪಡಿಸಿದರೆ ಸಾಕು. ನಮ್ಮ ಯಜಮಾನರ ಅಂಗಡಿಯ ಗುರುತು ನಕ್ಷೆಯಲ್ಲಿ ಹಿಂದಿನ ಗಲ್ಲಿಯಲ್ಲಿತ್ತು. ದೂರವಾಣಿ ಎಂದೋ ಕಡಿದುಹೋದ ಸಂಖ್ಯೆ. ಪುಡಿ ತೀರ ನುಣುಪಾಗಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲೇ ಇಲ್ಲವೆಂದು ಯಾರೋ ಬರೆದ ದೂರು ವರ್ಷದಿಂದ ಉತ್ತರವಿಲ್ಲದೆ ಬಿದ್ದಿತ್ತು. ಇದೆಲ್ಲ ಏಕೆ ಹೀಗಾಯಿತೆಂಬುದೂ ಗೊತ್ತಾಯಿತು: ಕೆಲವು ವರ್ಷಗಳ ಹಿಂದೆ ಒಬ್ಬಾತ ಬಂದು, ಗೂಗಲ್‌ನಲ್ಲಿ ನಿಮ್ಮನ್ನು ಮೊದಲನೆಯ ಸ್ಥಾನಕ್ಕೆ ತರುತ್ತೇನೆಂದು ಹೇಳಿ, ವರ್ಷದ ಹಣವನ್ನು ಮುಂಗಡವಾಗಿ ಪಡೆದು, ಪುಟವನ್ನು ತನ್ನದೇ ಮಿಂಚಂಚೆಯ ವಿಳಾಸದಲ್ಲಿ ತೆರೆದು ನಾಪತ್ತೆಯಾಗಿದ್ದ. ಬೀಗದಕೈ ಅವನಲ್ಲಿ, ಅಂಗಡಿ ಇವರಲ್ಲಿ!

ಇಂತಹ ಬೀಗವನ್ನು ತೆಗೆಯಲು ದಾರಿಯುಂಟೆಂಬುದನ್ನು ಅವಳು ಓದಿ ತಿಳಿದಳು. ಒಡೆತನವನ್ನು ಕೋರಿ ಮನವಿ ಸಲ್ಲಿಸಬೇಕು. ಈಗ ಪುಟವನ್ನು ಹಿಡಿದಿರುವವನು ಮೂರು ದಿನಗಳಲ್ಲಿ ಉತ್ತರಿಸದಿದ್ದರೆ ನಿಜವಾದ ಮಾಲೀಕನಿಗೆ ಅದನ್ನು ಪಡೆಯುವ ಅವಕಾಶ ದೊರೆಯಬಹುದು. ಮೊದಲನೆಯ ಸ್ಥಾನದ ವಿಚಾರಕ್ಕೆ ಬಂದರೆ, ನಕ್ಷೆಯಲ್ಲಿ ಅಂಗಡಿಗಳ ಕ್ರಮವನ್ನು ನಿರ್ಧರಿಸುವುದು ಮುಖ್ಯವಾಗಿ ಮೂರು ಅಂಶಗಳು: ಹುಡುಕಿದ ಮಾತಿಗೂ ಅಂಗಡಿಗೂ ಇರುವ ಸಂಬಂಧ, ಹುಡುಕುವವನಿಂದ ಅಂಗಡಿಗಿರುವ ದೂರ, ಅಂಗಡಿಯ ಖ್ಯಾತಿ. ಹಣ ಕೊಟ್ಟು ಈ ಸ್ಥಾನವನ್ನು ಪಡೆಯುವುದು ಸಾಧ್ಯವಿಲ್ಲವೆಂದು ಗೂಗಲ್ ಸಂಸ್ಥೆಯೇ ಸಾರಿ ಹೇಳಿದೆ. ಹಣ ಕೊಟ್ಟು ಹಾಕಿಸುವ ಜಾಹೀರಾತು ಬೇರೆಯ ಮಾತು. ಅದರ ಮೇಲೆ ಜಾಹೀರಾತೆಂಬ ಗುರುತಿರುತ್ತದೆ. ಒಂಟಿಕೊಪ್ಪಲಿನಲ್ಲಿ ನಿಂತು ಹುಡುಕಿದವನಿಗೆ ಕಾಣುವ ಪಟ್ಟಿಯೇ ಕುವೆಂಪುನಗರದಲ್ಲಿ ನಿಂತವನಿಗೂ ಕಾಣಬೇಕಾಗಿಲ್ಲ. ಆದಕಾರಣ ‘ಮೊದಲನೆಯ ಸ್ಥಾನ’ ಎಂಬ ಭರವಸೆಯೇ ಬುಡವಿಲ್ಲದ್ದು. ಆ ಮಾತು ಬಾಯಿಗೆ ಬರಕೂಡದೆಂದು ಅವಳು ತನ್ನ ಹಾಳೆಯ ನೆತ್ತಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡಳು. ಒಳ್ಳೆಯ ಅಭಿಪ್ರಾಯ ಬರೆದವರಿಗೆ ನೂರು ಗ್ರಾಂ ಪುಡಿ ಉಚಿತ ಎಂಬ ಗೆಳತಿಯ ಸಲಹೆಯನ್ನೂ ಹೊಡೆದುಹಾಕಿದಳು. ಬಹುಮಾನ ಕೊಟ್ಟು ಅಭಿಪ್ರಾಯ ಬರೆಸುವುದು ನಿಷಿದ್ಧ.

ಇನ್ನು ಜಾಹೀರಾತಿನ ಭಾಷೆ. ‘ಪ್ರೀಮಿಯಂ ಆರ್ಟಿಸನಲ್ ಬ್ರೂ’ ಎಂದು ಅವಳು ಮೊದಲು ಬರೆದಿದ್ದಳು. ಬೆಳಿಗ್ಗೆ ಹುರಿದದ್ದು, ನಿಮ್ಮ ಕಣ್ಣೆದುರೇ ಪುಡಿಮಾಡಿದ್ದು—ಇದಕ್ಕಿಂತ ಹೆಚ್ಚಿನ ಹೊಗಳಿಕೆ ಕಾಫಿಪುಡಿಗೆ ಏತಕ್ಕೆ? ಗ್ರಾಹಕ ಎಂಬ ಗ್ರಾಂಥಿಕ ಮಾತಿಗಿಂತ ಗಿರಾಕಿ ಎಂಬ ಮಾತೇ ಅಂಗಡಿಗೆ ಒಪ್ಪುತ್ತದೆಂದು, ಕನ್ನಡ ಕಲಿಸುವವನಾಗಿಯೂ, ನಾನೇ ತಿದ್ದಿದೆ. ‘ಅಪ್ಪಟ ಕಾಫಿ’ ಎಂಬ ಮಾತನ್ನು ಮಾತ್ರ ಅವಳೇ ತೆಗೆದಳು. ಏಕೆಂದರೆ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವುದು ಚಿಕೋರಿ ಬೆರೆತ ಪುಡಿ. ಅಂತಹ ಮಿಶ್ರಣದಲ್ಲಿ ನೂರಕ್ಕೆ ಕನಿಷ್ಠ ೫೧ ಪಾಲು ಕಾಫಿ ಇರಲೇಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ಆಹಾರ ನಿಯಮ. ಹಾಗೆಯೇ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾ ಕಾಫಿಗಳಿಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆತಿದೆ; ಬೀಜ ಎಲ್ಲಿಂದ ಬಂದಿತೆಂದು ಕೇಳಿಕೊಳ್ಳದೆ ಆ ಹೆಸರುಗಳನ್ನು ಅಲಂಕಾರಕ್ಕಾಗಿ ಬಳಸತಕ್ಕದ್ದಲ್ಲ.

ಎಲ್ಲಕ್ಕಿಂತ ಹೆಚ್ಚು ವಾದ ನಡೆದದ್ದು ಲೆಕ್ಕದ ವಿಷಯದಲ್ಲಿ. ತಿಂಗಳಿಗೆ ೬,೦೦೦ ರೂಪಾಯಿ ಕೇಳಬೇಕೆಂದು ಮೂವರು ಗೆಳತಿಯರೂ ಮೊದಲು ನಿಶ್ಚಯಿಸಿದ್ದರು. ಕಿಲೋಗೆ ೬೦ ರೂಪಾಯಿ ಉಳಿಯುವುದೆಂದು ಊಹಿಸಿದರೆ, ಈ ಹಣ ಹುಟ್ಟಬೇಕಾದರೆ ಯಜಮಾನರು ತಿಂಗಳಿಗೆ ೧೦೦ ಕಿಲೋ ಪುಡಿಯನ್ನು ಹೆಚ್ಚಾಗಿ ಮಾರಬೇಕು. ಮನೆಯೊಂದಕ್ಕೆ ತಿಂಗಳಿಗೆ ಒಂದು ಕಿಲೋ ಎಂದರೆ ೧೦೦ ಹೊಸ ಮನೆಗಳು! ಅಂಗಡಿಯ ಎದುರು ನಿಂತು ಬಂದವಳಿಗೆ ಅದು ಆಗದ ಮಾತೆಂದು ತಿಳಿಯಲು ತಡವಾಗಲಿಲ್ಲ. ೩,೦೦೦ಕ್ಕೆ ಇಳಿಸಿದಳು, ಅವಧಿ ಮೂರು ತಿಂಗಳು. ತಿಂಗಳಿಗೆ ೨೦ ಹೊಸ ಮನೆಗಳು ಬಂದು, ಬಂದವರು ನಿಂತರೆ, ಮೊದಲ ತಿಂಗಳು ೨೦ ಕಿಲೋ, ಎರಡನೆಯದು ೪೦, ಮೂರನೆಯದು ೬೦. ಒಟ್ಟು ೧೨೦ ಕಿಲೋ, ಲಾಭ ೭,೨೦೦. ಕೊಡಬೇಕಾದ ಹಣ ೯,೦೦೦. ಅಂದರೆ ಎಲ್ಲವೂ ಅಂದುಕೊಂಡಂತೆಯೇ ನಡೆದರೂ ಮೂರು ತಿಂಗಳ ಕೊನೆಗೆ ಯಜಮಾನರಿಗೆ ೧,೮೦೦ ರೂಪಾಯಿ ನಷ್ಟ. ನಾಲ್ಕನೆಯ ತಿಂಗಳು ಆ ೬೦ ಮನೆಗಳೇ ನಿಂತರೆ, ತಿಂಗಳ ನಡುವಿನ ಹೊತ್ತಿಗೆ ಆ ನಷ್ಟ ತುಂಬುತ್ತದೆ.

ನಷ್ಟವನ್ನು ತೋರಿಸಿಕೊಂಡು ಯಾರಾದರೂ ವ್ಯಾಪಾರ ಕೇಳಲು ಹೋಗುತ್ತಾರೆಯೇ ಎಂದು ಗೆಳತಿಯರು ಸಿಡಿಮಿಡಿಗೊಂಡರು. ನನಗಾದರೋ ಇಡೀ ಹಾಳೆಯಲ್ಲಿ ಅದೊಂದೇ ಸಾಲು ಯಜಮಾನರಿಗೆ ಅರ್ಥವಾಗುವ ಭಾಷೆಯಲ್ಲಿ ಇದ್ದಂತೆ ತೋರಿತು. ಅವಳು ರಾತ್ರಿಯೆಲ್ಲ ಯೋಚಿಸಿ ಅದನ್ನು ಹಾಗೆಯೇ ಉಳಿಸಿದಳು. ಇಪ್ಪತ್ತೆಂಟು ಪುಟ ಒಂದು ಹಾಳೆಗಿಳಿಯಿತು.

ಹೋಗುವ ದಿನವನ್ನು ಗೊತ್ತುಮಾಡುವುದೂ ಸಿದ್ಧತೆಯ ಒಂದು ಭಾಗವೇ. ಆಷಾಢದಲ್ಲಿ ಹೊಸ ವ್ಯವಹಾರ ತೊಡಗುವ ವ್ಯಾಪಾರಿ ನಮ್ಮ ಕಡೆ ಅಪರೂಪ. ಅದನ್ನು ನಂಬುವುದು ಬಿಡುವುದು ನಮ್ಮ ಇಷ್ಟ. ಯಜಮಾನರು ನಂಬುತ್ತಾರೆಂಬುದು ಮುಖ್ಯ. ಶ್ರಾವಣ ಹುಟ್ಟುವವರೆಗೂ ಕಾದು, ಬೆಳಗಿನ ನೂಕುನುಗ್ಗಲು ಮುಗಿದ ಹನ್ನೊಂದರ ಹೊತ್ತಿಗೆ ಅವಳು ಮೆಟ್ಟಿಲು ಹತ್ತಿದಳು. ಮೊದಲು ಕಾಲು ಕಿಲೋ ಪುಡಿ ಕೊಂಡಳಂತೆ. ಮುಂದೆ ನಡೆದುದನ್ನು ಅವಳು ನನಗೆ ಹೇಳಿದಂತೆಯೇ ಬರೆಯುತ್ತೇನೆ.

“ಇಂಥವರು ಬಹಳ ಜನ ಬಂದು ಹೋದರಮ್ಮ. ಬೆಳಿಗ್ಗೆ ಎಂಟಕ್ಕೆ ಬೀಜ ಹುರಿಯೋಕೆ ಹಾಕ್ತೀನಿ. ಅದರ ಘಮಲೇ ನನಗೆ ಜಾಹೀರಾತು. ನಿಮ್ಮದು ಏತಕ್ಕೆ?”

“ಆ ಘಮಲು ಮೂರನೇ ಬೀದಿಯವರೆಗೂ ಬರುತ್ತೆ, ಯಜಮಾನರೇ. ನಾನೇ ನಡೆದು ನೋಡಿದೆ. ನಾಲ್ಕನೇ ಬೀದಿಯಿಂದ ಆಚೆಗೆ ಬರೋದಿಲ್ಲ.”

ಯಜಮಾನರು ನಕ್ಕರೋ ಇಲ್ಲವೋ ತಿಳಿಯದು. ಕುಳಿತುಕೊಳ್ಳಲು ಸ್ಟೂಲನ್ನು ಮಾತ್ರ ಮುಂದೆ ಸರಿಸಿದರು. ಅವಳು ಭಾನುವಾರದ ಆಟೋದ ಕಥೆಯನ್ನು ಹೇಳಿದಳು. ನಕ್ಷೆಯಲ್ಲಿ ಅಂಗಡಿ ಹಿಂದಿನ ಗಲ್ಲಿಯಲ್ಲಿರುವುದನ್ನು ಅವರ ಫೋನಿನಲ್ಲಿಯೇ ತೋರಿಸಿದಳು. ಫಿಲ್ಟರಿನ ದೂರನ್ನು ಓದಿದಾಗ ಯಜಮಾನರ ಮುಖ ಕೆಂಪಾಯಿತು: “ಎಸ್ಪ್ರೆಸೊಗೆ ಅಂತ ನುಣುಪಾಗಿ ಕೇಳಿ ಹಾಕಿಸಿಕೊಂಡು ಹೋಗಿ, ಫಿಲ್ಟರಿಗೆ ಹಾಕಿದರೆ ಇಳಿಯುತ್ತಾ? ಕೇಳಿದ್ದರೆ ಹೇಳ್ತಿದ್ದೆ!” ಅದನ್ನೇ ಉತ್ತರವಾಗಿ ಬರೆಯೋಣ, ಸ್ವಲ್ಪ ಮೆತ್ತಗೆ, ಎಂದಳು.

ಹಾಳೆಯನ್ನು ಅವರು ಎರಡು ಸಲ ಓದಿದರು. ೧,೮೦೦ರ ಸಾಲಿನ ಮೇಲೆ ಬೆರಳಿಟ್ಟು, “ಇದನ್ನು ನೀವೇ ಬರೆದಿರಾ?” ಎಂದು ಕೇಳಿದರು. ಹೌದೆಂದಳು. ಕಿಲೋಗೆ ೬೦ ಎಂಬ ಅಂಕಿಯನ್ನು ಪೆನ್ನಿನಿಂದ ಹೊಡೆದು ತಮ್ಮದೊಂದು ಅಂಕಿಯನ್ನು ಬರೆದರು. ಅದೇನೆಂದು ಅವಳು ನನಗೂ ಹೇಳಲಿಲ್ಲ. ಪುಟ ಯಾರ ಹೆಸರಿನಲ್ಲಿರುತ್ತದೆ ಎಂದು ವಿಚಾರಿಸಿದರು. ನಿಮ್ಮ ಹೆಸರಿನಲ್ಲಿ, ಗುಪ್ತಪದ ನಿಮ್ಮ ಕೈಯಲ್ಲಿ. ನಾವು ಕೆಲಸ ಬಿಟ್ಟ ದಿನ ನಮ್ಮನ್ನು ನೀವೇ ಹೊರಗೆ ಹಾಕಬಹುದು ಎಂದಳು. ಹಣವನ್ನು ತಿಂಗಳು ಮುಗಿದಮೇಲೆ ಕೊಡುವುದೆಂದಾಯಿತು. ಗಿರಾಕಿಗಳ ಫೋನ್ ಸಂಖ್ಯೆಗಳಿಗೆ ಸಂದೇಶ ಕಳುಹಿಸುವುದಾದರೆ ಅವರನ್ನು ಕೇಳಿಯೇ ಬರೆದುಕೊಳ್ಳತಕ್ಕದ್ದೆಂಬ ಷರತ್ತೂ ಸೇರಿತು. ಯಜಮಾನರೇ ಹಾಕಿದ ಷರತ್ತು ಅದು. ತಮ್ಮ ಫೋನಿಗೆ ದಿನವೂ ಬರುವ ಸಾಲದ ಸಂದೇಶಗಳಿಂದ ಅವರು ರೋಸಿಹೋಗಿದ್ದರು.

ಫೋನಿನಲ್ಲಿ ಎಷ್ಟು ಮಂದಿ ದಾರಿ ಕೇಳಿದರು, ಎಷ್ಟು ಮಂದಿ ಕರೆಮಾಡಿದರು ಎಂಬ ಅಂಕಿಗಳೇನೋ ದೊರೆಯುತ್ತವೆ. ಅವರು ಪುಡಿ ಕೊಂಡರೇ ಎಂಬುದು ಅದರಿಂದ ತಿಳಿಯದು. ಅದಕ್ಕಾಗಿ ಗಲ್ಲಾದ ಪಕ್ಕದಲ್ಲಿ ಇಪ್ಪತ್ತು ರೂಪಾಯಿಯ ಒಂದು ನೋಟುಪುಸ್ತಕವಿಟ್ಟರು. ಹೊಸ ಮುಖ ಬಂದರೆ “ಹೇಗೆ ಗೊತ್ತಾಯಿತು ನಮ್ಮ ಅಂಗಡಿ?” ಎಂದು ಯಜಮಾನರು ಕೇಳುವುದು, ಫೋನು ನೋಡಿ ಬಂದೆವೆಂದರೆ ಒಂದು ಗೀಟು.

ಮೊದಲ ತಿಂಗಳ ಕೊನೆಗೆ ಪುಸ್ತಕದಲ್ಲಿ ಹದಿಮೂರು ಗೀಟುಗಳಿದ್ದವು. ಹಾಳೆಯಲ್ಲಿ ಬರೆದದ್ದು ಇಪ್ಪತ್ತು. ಅವಳು ಹೆದರುತ್ತಲೇ ಹೋದಳು. ಯಜಮಾನರು ಗೀಟುಗಳನ್ನು ಎಣಿಸಿ, ಹಣವನ್ನೂ ಎಣಿಸಿ ಕೊಟ್ಟರು. ಎರಡನೆಯ ತಿಂಗಳ ನಡುವೆ ನವರಾತ್ರಿ ಬಂದಿತು. ಒಂದು ರಾತ್ರಿ ಅವರೇ ಫೋನು ಮಾಡಿದರು. ಆಯುಧಪೂಜೆಯ ದಿನ ಯಂತ್ರಗಳಿಗೆ ಪೂಜೆ, ಹುರಿಯುವುದಿಲ್ಲ, ಹನ್ನೆರಡಕ್ಕೆ ಬಾಗಿಲು ಹಾಕುತ್ತೇನೆ. ಇದನ್ನು ನಕ್ಷೆಯಲ್ಲಿ ಹಾಕಬೇಕಲ್ಲವೇನಮ್ಮ, ಜನ ಆಟೋ ಮಾಡಿಕೊಂಡು ಬಂದುಬಿಟ್ಟಾರು, ಎಂದರಂತೆ.